ಮೊನ್ಫಿಲ್ಸ್ ಬಗ್ಗೆ ನೀನು ಕೇಳಿದ್ದಕ್ಕೆ

ಪ್ರಿಯ ಗೆಳೆಯನಿಗೆ,

ನಮಸ್ಕಾರ. 2026ರ ಋತುವೇ ತನ್ನ ಕೊನೆಯದೆಂದು ಫ್ರಾನ್ಸ್‌ನ ಟೆನಿಸ್ ಆಟಗಾರ ಗೇಲ್ ಮೊನ್ಫಿಲ್ಸ್ ಘೋಷಿಸಿದ ಸುದ್ದಿ ಓದಿ, ಗ್ರ್ಯಾನ್‌ಸ್ಲಾಮ್ (ಟೆನಿಸ್‌ನ ನಾಲ್ಕು ಅತಿದೊಡ್ಡ ಟೂರ್ನಿಗಳು) ಫೈನಲ್ ಒಂದನ್ನೂ ಆಡದವನಿಗೆ ಇಷ್ಟೊಂದು ಅಭಿಮಾನಿಗಳು ಏಕೆ, ಬರೀ ಕಸರತ್ತು ತೋರಿಸಿದ್ದಕ್ಕೋ ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಉತ್ತರಿಸಿದರೆ ಜಗಳಕ್ಕೆ ತಿರುಗೀತೆಂದು ಬರೆಯುತ್ತಿದ್ದೇನೆ.

ನಿನ್ನ ದೂರಿನಲ್ಲಿ ಹುರುಳಿಲ್ಲವೆನ್ನಲಾರೆ. 2004ರಲ್ಲಿ ಆಸ್ಟ್ರೇಲಿಯನ್ ಓಪನ್, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್‌ಗಳ ಜೂನಿಯರ್ ಪ್ರಶಸ್ತಿಗಳನ್ನು ಒಂದೇ ವರ್ಷದಲ್ಲಿ ಬಾಚಿಕೊಂಡ ಹುಡುಗ ಆತ. 1983ರಲ್ಲಿ ತನ್ನವನೇ ಆದ ಯಾನಿಕ್ ನೋವಾ ಪ್ಯಾರಿಸ್‌ನ ಫ್ರೆಂಚ್ ಓಪನ್ ಗೆದ್ದ ಮೇಲೆ ಪುರುಷರ ಸಿಂಗಲ್ಸ್ ಗ್ರ್ಯಾನ್‌ಸ್ಲಾಮ್ ಕಾಣದ ಫ್ರಾನ್ಸ್ ಆತನ ಮೇಲೆ ಇಟ್ಟ ಆಸೆ ಚಿಕ್ಕದಾಗಿರಲಿಲ್ಲ. ಕೈಗೆ ಬಂದದ್ದು 2008ರ ಫ್ರೆಂಚ್ ಓಪನ್ ಮತ್ತು 2016ರ ಅಮೆರಿಕ ಓಪನ್‌ನ ಸೆಮಿಫೈನಲ್‌ಗಳು, ಜೊತೆಗೆ ವಿಶ್ವದ ಆರನೇ ರ‍್ಯಾಂಕ್. ಜೊಕೊವಿಚ್ ಎದುರು 20 ಪಂದ್ಯ ಆಡಿಯೂ ಒಂದನ್ನೂ ಗೆಲ್ಲಲಿಲ್ಲ.

ಆದರೆ ಅದಕ್ಕೆ ಕಸರತ್ತನ್ನು ದೂರುವುದು ಸರಿಯಲ್ಲ. ನನ್ನ ಲೆಕ್ಕದಲ್ಲಿ ತೊಡಕಿರುವುದು ಆತ ನಿಲ್ಲುವ ಜಾಗದಲ್ಲಿ. ಯಾರನ್ನಾದರೂ ತತ್ತರಿಸುವಂತೆ ಮಾಡಬಲ್ಲ ಸರ್ವ್ ಮತ್ತು ಫೋರ್‌ಹ್ಯಾಂಡ್ ಇದ್ದರೂ, ಅಂಗಳದ ಹಿಂಬದಿಯ ಗೆರೆಯಾದ ಬೇಸ್‌ಲೈನ್‌ನಿಂದ ಬಹಳ ಹಿಂದೆ ಸರಿದು ಎದುರಾಳಿಯ ತಪ್ಪಿಗಾಗಿ ಕಾಯುವುದು ಆತನ ಸ್ವಭಾವ. ಅಷ್ಟು ದೂರ ನಿಂತವನು ಚೆಂಡನ್ನು ಮುಟ್ಟಬೇಕಾದರೆ ಜಾರಲೇಬೇಕು, ಹಾರಲೇಬೇಕು, ಆವೆಮಣ್ಣಿನಲ್ಲಿ ಮಾತ್ರವಲ್ಲದೆ ಗಟ್ಟಿ ನೆಲದ ಹಾರ್ಡ್‌ಕೋರ್ಟ್‌ನಲ್ಲೂ ಕಾಲು ಚಾಚಿ ಬೀಳಲೇಬೇಕು. ನೀನು ಕಸರತ್ತೆನ್ನುವುದು ಆತನ ರಕ್ಷಣೆಯ ಆಟವೇ, ಅದರ ಬೆಲೆಯನ್ನು ಮೊಣಕಾಲುಗಳು ತೆತ್ತಿವೆ.

ಆ 2016ರ ಸೆಮಿಫೈನಲ್‌ನಲ್ಲಿ, ಮೊದಲ ಸೆಟ್‌ನಲ್ಲಿ 0-5 ಹಿಂದಿದ್ದಾಗ ಆತ ಆಸಕ್ತಿಯೇ ಇಲ್ಲದವನಂತೆ ನೆಟ್ಟಗೆ ನಿಂತು, ಚೆಂಡನ್ನು ಮೆತ್ತಗೆ ಸ್ಲೈಸ್ ಮಾಡುತ್ತ (ಅಡಿಯಿಂದ ಕೊಯ್ದಂತೆ ಹೊಡೆಯುತ್ತ) ಜೊಕೊವಿಚ್‌ನ ಲಯ ಕೆಡಿಸಲು ನೋಡಿದ. ಸತತ ಮೂರು ಗೇಮ್ ಬಂದವು, ಪಂದ್ಯ ಬರಲಿಲ್ಲ, ಪ್ರೇಕ್ಷಕರು ಛೀಮಾರಿಯನ್ನೂ ಹಾಕಿದರು. ನನಗೇನೋ ಅದು ಸೋಲುವವನ ಜಾಣತನವಾಗಿಯೇ ಕಂಡಿತು.

ಬೇಕೆಂದಾಗ ಮುಂದೆ ಬಂದು ಆಡಬಲ್ಲ ಎಂಬುದಕ್ಕೆ ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್‌ನ 2014ರ ಫೈನಲ್ ಸಾಕ್ಷಿ. ಲಿಲ್ ನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ 27,000ಕ್ಕೂ ಹೆಚ್ಚು ಜನರ ಮುಂದೆ ಫೆಡರರ್‌ನನ್ನು 6-1, 6-4, 6-3ರಿಂದ ಮಣಿಸಿದ, ಆದರೂ ಕಪ್ ಸ್ವಿಟ್ಜರ್ಲೆಂಡ್ ಪಾಲಾಯಿತು. ಅದಾದ ಕೆಲವೇ ದಿನಗಳಲ್ಲಿ ಇಂಟರ್‌ನ್ಯಾಷನಲ್ ಪ್ರೀಮಿಯರ್ ಟೆನಿಸ್ ಲೀಗ್‌ನ ಇಂಡಿಯನ್ ಏಸಸ್ ತಂಡದಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣನ ಜೊತೆಗಾರನೂ ಆಗಿದ್ದ.

ಪ್ಯಾರಿಸ್‌ನ ಜನ ಆತನಿಗಾಗಿ ಕಾದು ಕೂರುವುದೇಕೆಂದು ತಿಳಿಯಬೇಕಾದರೆ 2023ರ ಫ್ರೆಂಚ್ ಓಪನ್‌ನ ಮೊದಲ ಸುತ್ತನ್ನು ನೋಡು. ಸೆಬಾಸ್ಟಿಯನ್ ಬಾಯೆಜ್ ವಿರುದ್ಧ ಐದನೇ ಸೆಟ್‌ನಲ್ಲಿ 0-4 ಹಿಂದೆ, ಕಾಲಿನ ಸ್ನಾಯುಗಳು ಹಿಡಿದುಕೊಂಡು ನಡೆಯುವುದೇ ಕಷ್ಟ. ಅಲ್ಲಿಂದ ಒಂದೊಂದೇ ಗೇಮ್ ಕಿತ್ತುಕೊಂಡು, ಮಧ್ಯರಾತ್ರಿ ದಾಟಿದ ಮೇಲೆ 7-5ರಿಂದ ಆ ಸೆಟ್ಟನ್ನು ಗೆದ್ದ. ಮಣಿಕಟ್ಟಿನ ಗಾಯದಿಂದ ಎರಡನೇ ಸುತ್ತು ಆಡಲೇ ಇಲ್ಲ, ಅದು ಬೇರೆ ಮಾತು.

2025ರ ಜನವರಿಯಲ್ಲಿ, 38ನೇ ವಯಸ್ಸಿನಲ್ಲಿ, ಆಕ್ಲೆಂಡ್‌ನಲ್ಲಿ ತನ್ನ 13ನೇ ಸಿಂಗಲ್ಸ್ ಪ್ರಶಸ್ತಿ ಗೆದ್ದ. 1990ರಲ್ಲಿ ಎಟಿಪಿ ಟೂರ್ (ಪುರುಷರ ವೃತ್ತಿಪರ ಟೆನಿಸ್ ಸರಣಿ) ಶುರುವಾದಂದಿನಿಂದ ಅಲ್ಲಿಯವರೆಗೆ ಅಷ್ಟು ವಯಸ್ಸಾದ ಸಿಂಗಲ್ಸ್ ಚಾಂಪಿಯನ್ ಇರಲಿಲ್ಲ. ಬರೀ ಕಸರತ್ತಿನಿಂದ ಇಷ್ಟು ದೂರ ಬರಲಾದೀತೇ? ಬಾಯೆಜ್ ಎದುರಿನ ಆ ಐದನೇ ಸೆಟ್ ನೋಡಿದ ಮೇಲೂ ನಿನ್ನ ಅಭಿಪ್ರಾಯ ಬದಲಾಗದಿದ್ದರೆ ಬರೆ, ಜಗಳ ಮುಂದುವರಿಸೋಣ.

ಇಂತಿ,
ನಿನ್ನ ಗೆಳೆಯ