ಒಗಟಿನ ಆಟ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ವಿಷುಯಲ್ ನಾವೆಲಿನ, ಅಂದರೆ ಚಿತ್ರ ನೋಡುತ್ತ ಮಾತು ಓದುತ್ತ ಆಡುವ ಕತೆಯ, ಕರಡನ್ನು ಪೂರ್ತಿ ಓದಿದೆ. ಕಾಸರಗೋಡಿನ ಪೆರ್ಲದ ಕಡೆಯ ಅಡಿಕೆ ತೋಟ, ನೀರಿಗೆಂದು ಗುಡ್ಡದೊಳಕ್ಕೆ ಕೊರೆದು ಈಗ ಬತ್ತಿದ ಸುರಂಗದಲ್ಲಿ ಸಿಕ್ಕ ತಗಡಿನ ಪೆಟ್ಟಿಗೆ, ಅದರೊಳಗಿನ ಗೇಣಿ ಚೀಟಿ, ಹೇಳದೆ ಕೇಳದೆ ಊರು ಬಿಟ್ಟ ಒಕ್ಕಲು. ಪತ್ತೇದಾರಿ ಕತೆಗೆ ಬೇಕಾದದ್ದೆಲ್ಲ ಇದೆ, ಮಾತುಗಳೂ ನಮ್ಮೂರಿನವೇ. ತೊಂದರೆ ಇರುವುದು ಒಗಟುಗಳಲ್ಲಿ. ಹೆಚ್ಚಿನವನ್ನು ಕಿತ್ತು ಬೇರೆ ಯಾವ ಆಟದೊಳಗೆ ಇಟ್ಟರೂ ನಡೆಯುತ್ತದೆ. ಪೆಟ್ಟಿಗೆಯ ಬೀಗಕ್ಕೆ ಚೌಕಗಳನ್ನು ಜಾರಿಸುವ ಆಟ ಇಟ್ಟಿದ್ದೀಯಲ್ಲ, ಅದನ್ನು ಬಿಡಿಸಿದರೆ ಬೀಗ ತೆರೆಯುತ್ತದೆ, ಅಷ್ಟೇ. ಆ ಮನೆಯವರ ಬಗ್ಗೆ ಆಟಗಾರನಿಗೆ ಹೊಸದೇನೂ ತಿಳಿಯುವುದಿಲ್ಲ. ಒಗಟು ಬಿಡಿಸಿದ ಕೂಡಲೇ ಒಬ್ಬರ ಮೇಲಿದ್ದ ಅನುಮಾನ ಗಟ್ಟಿಯಾಗಬೇಕು, ಇಲ್ಲವೇ ಇನ್ನೊಬ್ಬರ ಕಡೆ ತಿರುಗಬೇಕು. ಇವೆರಡೂ ಆಗದಿದ್ದರೆ ಅದನ್ನು ತೆಗೆದುಬಿಡು.

2009ರ ಜಪಾನಿ ಆಟ ‘ನೈನ್ ಅವರ್ಸ್, ನೈನ್ ಪರ್ಸನ್ಸ್, ನೈನ್ ಡೋರ್ಸ್’ ಅನ್ನು ಆಡಿ ನೋಡು. ಒಂಬತ್ತು ಜನರ ಕೈಯಲ್ಲಿ 1ರಿಂದ 9ರವರೆಗಿನ ಸಂಖ್ಯೆಯ ಬಳೆಗಳಿವೆ. ಒಂದು ಬಾಗಿಲಿನಿಂದ ಮೂರರಿಂದ ಐದು ಜನ ಹೋಗಬಹುದು, ಆದರೆ ಅವರ ಸಂಖ್ಯೆಗಳನ್ನು ಕೂಡಿ, ಬಂದ ಅಂಕಿಗಳನ್ನು ಮತ್ತೆ ಕೂಡಿ ಒಂದೇ ಅಂಕಿಗೆ ಇಳಿಸಿದಾಗ ಬಾಗಿಲಿನ ಸಂಖ್ಯೆ ಬರಬೇಕು. ಲೆಕ್ಕ ಮೂರನೇ ತರಗತಿಯದು. ಆದರೆ ಯಾರು ಯಾರ ಜೊತೆ ಹೋಗಬೇಕು, ಯಾರು ಹಿಂದೆ ಉಳಿಯಬೇಕು ಎನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಕೂಡುವ ಲೆಕ್ಕವೇ ಅಲ್ಲಿ ಹೆದರಿಕೆ ಹುಟ್ಟಿಸುತ್ತದೆ.

ಅಂಥದ್ದೊಂದು ಲೆಕ್ಕ ನಿನ್ನ ಪೆಟ್ಟಿಗೆಯಲ್ಲೇ ಇದೆ, ನೀನು ಬಳಸಿಲ್ಲ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಅದಕ್ಕಿಂತ ಮೊದಲೇ ಒಕ್ಕಲಾಗಿದ್ದವನಿಗೆ ಭೂಮಿಯ ಮೇಲೆ ಹಕ್ಕು. ಹಾಗಾದರೆ ಇಡೀ ಕತೆ ನಿಂತಿರುವುದು ಚೀಟಿಯ ತಾರೀಕಿನ ಮೇಲೆ. ಕನ್ನಡದ ಗೇಣಿ ಚೀಟಿಯಲ್ಲಿ ತಿಂಗಳ ಹೆಸರು ಅಳಿಸಿ, ‘ಸೌಮ್ಯ ಸಂವತ್ಸರ’ ಮಾತ್ರ ಕಾಣಲಿ. ಸೌಮ್ಯ ಎಂದರೆ 1969ರ ಯುಗಾದಿಯಿಂದ 1970ರ ಯುಗಾದಿಯವರೆಗೆ, ಜನವರಿ 1 ಅದರ ನಡುವೆಯೇ ಬೀಳುತ್ತದೆ. ಆದ್ದರಿಂದ ಆ ಚೀಟಿಯೊಂದರಿಂದ ಏನೂ ತೀರ್ಮಾನವಾಗದು. ಜೊತೆಗೆ ಮಲಯಾಳದಲ್ಲಿ ಬರೆದ ಒಂದು ಗೇಣಿ ರಶೀದಿ ಇಡು, ಅದರಲ್ಲಿ ಮಲಯಾಳಿಗಳ ಪಂಚಾಂಗದ ತಾರೀಕು, ಕೊಲ್ಲವರ್ಷ 1145, ಧನು 8. ಕೊಲ್ಲವರ್ಷಕ್ಕೆ 825 ಕೂಡಿಸಬೇಕೆಂದು ಕೇಳಿಬಲ್ಲವರು 1970 ಎನ್ನುತ್ತಾರೆ, ಒಕ್ಕಲಿನದು ಸುಳ್ಳು ಕಾಗದ ಎಂದು ನಂಬುತ್ತಾರೆ. ಆದರೆ ಕೊಲ್ಲವರ್ಷ ಬದಲಾಗುವುದು ಆಗಸ್ಟ್ ನಡುವಿನಲ್ಲಿ. ಅಲ್ಲಿಂದ ಡಿಸೆಂಬರ್ 31ರವರೆಗೆ ಕೂಡಿಸಬೇಕಾದದ್ದು 824. ಅಂದರೆ ರಶೀದಿ 1969ರ ಡಿಸೆಂಬರಿನದು, ಕಾನೂನು ಬರುವ ಮೊದಲಿನದು. ಒಂದೇ ಒಂದು ಅಂಕಿಯ ವ್ಯತ್ಯಾಸದಿಂದ ಕಳ್ಳನೆನಿಸಿದವನು ಮೋಸಹೋದವನಾಗುತ್ತಾನೆ.

ಇದು ನ್ಯಾಯವಾದ ಒಗಟು ಆಗಬೇಕಾದರೆ 824ರ ಸುಳಿವು ಆಟಗಾರನ ಕಣ್ಣೆದುರು ಮೊದಲೇ ಬಂದಿರಬೇಕು. ಮೊದಲ ಅಧ್ಯಾಯದ ಜಗಲಿಯಲ್ಲಿ 2024ರ ಆಗಸ್ಟ್ ತಿಂಗಳ ಮಲಯಾಳ ಕ್ಯಾಲೆಂಡರ್ ತೂಗುಹಾಕು. 16ನೇ ತಾರೀಕಿನವರೆಗೆ ಕೊಲ್ಲವರ್ಷ 1199, 17ರಿಂದ 1200. ಕ್ಲಿಕ್ ಮಾಡಿದರೆ ಕತೆಯ ಹುಡುಗಿ ಹಾಲಿನ ಲೆಕ್ಕದ ಗುರುತುಗಳ ಬಗ್ಗೆ ಮಾತಾಡಲಿ, ವರ್ಷದ ಬಗ್ಗೆ ತುಟಿಪಿಟಕ್ಕೆನ್ನದಿರಲಿ. ಕ್ಯಾಲೆಂಡರ್ ಗಮನಿಸದವರಿಗೆ ದೇವಸ್ಥಾನದ ರಶೀದಿಯಲ್ಲಿ ಕೊಲ್ಲವರ್ಷ, ಇಂಗ್ಲಿಷ್ ವರ್ಷ ಎರಡೂ ಅಚ್ಚಾಗಿರಲಿ. ಅದೂ ತಪ್ಪಿದರೆ ಮೂರನೇ ಅಧ್ಯಾಯದಲ್ಲಿ ಅಜ್ಜಿ “ಸಿಂಹ ಮಾಸ ಹುಟ್ಟಿತಲ್ಲ, ಅವರಿಗೆ ಹೊಸ ವರ್ಷ” ಎನ್ನಲಿ. ಕತೆ ಮುಂದುವರಿಯಲು ಬೇಕೇಬೇಕಾದ ಪ್ರತಿ ಸಂಗತಿಗೂ ಹೀಗೆ ಮೂರು ದಾರಿ ಬೇಕು. ಒಂದೇ ಸುಳಿವು ಇಟ್ಟರೆ ಅದನ್ನು ತಪ್ಪಿಸಿಕೊಂಡವನು ಉತ್ತರವನ್ನು ಅಂದಾಜಿನಲ್ಲಿ ಒತ್ತುತ್ತಾನೆ, ಅಲ್ಲಿಂದ ಮುಂದೆ ಯಾವ ಒಗಟನ್ನೂ ಯೋಚಿಸಿ ಬಿಡಿಸುವುದಿಲ್ಲ.

ತಾರೀಕು ಆರಿಸುವಾಗ ಗಡಿಯ ದಿನಗಳ ಹತ್ತಿರ ಹೋಗಬೇಡ. ಧನು 17ರ ಸುಮಾರಿಗೆ ಇಂಗ್ಲಿಷ್ ವರ್ಷ ಬದಲಾಗುತ್ತದೆ, ಒಂದು ದಿನ ಆಚೀಚೆಯಾದರೆ ಒಗಟೇ ಬಿದ್ದುಹೋಗುತ್ತದೆ. ಸಿಂಹ ಮಾಸವೂ ಬೇಡ, ಉತ್ತರ ಮಲಬಾರಿನ ಹಳೆಯ ರೂಢಿಯಲ್ಲಿ ವರ್ಷ ಶುರುವಾಗುವುದು ಕನ್ಯಾ ಮಾಸದಿಂದ. ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ಮರಳುತ್ತದೆ ಎನ್ನುವುದೂ ನೆನಪಿರಲಿ. 1909 ಕೂಡ ಸೌಮ್ಯವೇ. ಆ ಬಾಗಿಲನ್ನು ರಶೀದಿಯ 1145 ಮುಚ್ಚುತ್ತದೆ.

ಸುಳ್ಳು ಹಿಡಿಯುವ ದೃಶ್ಯಕ್ಕೆ ಬರೋಣ. ಕತೆಯ ದೊಡ್ಡಪ್ಪನ ಹೇಳಿಕೆಯನ್ನು ಐದು ವಾಕ್ಯಗಳಾಗಿ ಒಡೆದು, ಪ್ರತಿಯೊಂದಕ್ಕೂ ಸಾಕ್ಷ್ಯ ತೋರಿಸಲು ಬಿಟ್ಟಿದ್ದೀಯ. ಮಾದರಿ ಒಳ್ಳೆಯದು. ಆದರೆ ಅವರ ಸುಳ್ಳು ಬರೀ ಗಡಿಯಾರದ ಹೊತ್ತಿನದು, ಅದನ್ನು ಯಾವ ಊರಿನಲ್ಲೂ ಹೇಳಬಹುದು. ನಮ್ಮಲ್ಲಿ ಮಲಯಾಳ ಮಾತಾಡಬಲ್ಲ, ಓದಲಿಕ್ಕೆ ಬಾರದ ಹಿರಿಯರು ಎಷ್ಟೋ ಮಂದಿ. ದೊಡ್ಡಪ್ಪ ತಾನೂ ಹಾಗೆಯೇ ಎನ್ನಲಿ. ಅದಕ್ಕೂ ಮುಂಚೆ ಊಟದ ಹೊತ್ತಿನಲ್ಲಿ, ಯಾರೂ ಓದಿ ಹೇಳದ ಆ ರಶೀದಿಯ ಬಗ್ಗೆ “ಧನು ತಿಂಗಳದ್ದು” ಎಂದು ಬಾಯಿ ಜಾರಿರಲಿ. ಆ ಸಾಲು ಮಾತಿನ ದಾಖಲೆಯಲ್ಲಿ ಉಳಿದಿರಬೇಕು, ಆಟಗಾರ ಹಿಂದಕ್ಕೆ ಹೋಗಿ ಅದನ್ನೇ ಸಾಕ್ಷ್ಯವಾಗಿ ಎತ್ತಿ ತೋರಿಸುವಂತಿರಬೇಕು.

ಅವರ ಎರಡನೇ ಸುಳ್ಳನ್ನು ಸುರಂಗದ ನೆಲವೇ ಹಿಡಿಯುತ್ತದೆ. ಮಳೆಗಾಲದ ನೀರು ಪೆಟ್ಟಿಗೆಯನ್ನು ಒಳಕ್ಕೆ ಕೊಚ್ಚಿಕೊಂಡು ಹೋಗಿರಬೇಕು ಎನ್ನುತ್ತಾರಲ್ಲ. ಮುರಕಲ್ಲು ಕೊರೆಯುವಾಗ ನೀರು ತಾನಾಗಿ ಹೊರಬರಲೆಂದು ನೆಲವನ್ನು ಬಾಯಿಯ ಕಡೆಗೆ ಸ್ವಲ್ಪ ಇಳಿಜಾರಾಗಿ ಬಿಡುತ್ತಾರೆ. ನೀರು ಹೊರಕ್ಕೆ ಹರಿಯುತ್ತದೆ, ಪೆಟ್ಟಿಗೆಯನ್ನು ಒಳಗೆ ಒಯ್ದದ್ದು ಮನುಷ್ಯರೇ. ಹಿನ್ನೆಲೆಯ ಚಿತ್ರ ಬರೆಯುವವರಿಗೆ ಇದನ್ನು ಹೇಳಿಬಿಡು. ಅವರು ಇಳಿಜಾರನ್ನು ತಿರುಗುಮುರುಗಾಗಿ ಬರೆದರೆ ದೊಡ್ಡಪ್ಪ ಸತ್ಯವಂತರಾಗಿಬಿಡುತ್ತಾರೆ.

ಐದು ವಾಕ್ಯಕ್ಕೆ ಆರು ಸಾಕ್ಷ್ಯವೆಂದರೆ ಮೂವತ್ತು ಜೋಡಿ. ನೀನು ಒಂದು ಸರಿಯುತ್ತರ ಬರೆದು ಉಳಿದ ಇಪ್ಪತ್ತೊಂಬತ್ತಕ್ಕೂ “ಇದು ಹೊಂದುವುದಿಲ್ಲ” ಎಂದು ಬಿಟ್ಟಿದ್ದೀಯ. ಬುದ್ಧಿವಂತ ಆಟಗಾರ ತಪ್ಪಿ ಆರಿಸಬಹುದಾದ ನಾಲ್ಕೈದು ಜೋಡಿಗಳಿಗೆ ಬೇರೆ ಬೇರೆ ಮಾತು ಬರೆ, ಪ್ರತಿಯೊಂದರಲ್ಲೂ ಎಲ್ಲಿ ಎಡವಿದ ಎಂಬುದು ಗೊತ್ತಾಗಬೇಕು. ಉಳಿದದ್ದಕ್ಕೆ ಮೂರು ಸಾಮಾನ್ಯ ಉತ್ತರ ಸಾಕು. ಎಲ್ಲವನ್ನೂ ಒತ್ತಿ ನೋಡುವವರನ್ನು ತಡೆಯಲು 2018ರ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಮಾಡಿದ ಉಪಾಯ ಇದೆ. ಅದು ಉತ್ತರಗಳನ್ನು ಮೂರರ ಗುಂಪಿನಲ್ಲಿ ಮಾತ್ರ ಸರಿ ಎಂದು ಒಪ್ಪುತ್ತದೆ. ನಿನ್ನ ಕೊನೆಯ ಅಧ್ಯಾಯದಲ್ಲೂ ಬರೆದವರು, ಬಚ್ಚಿಟ್ಟವರು, ವರ್ಷ ಈ ಮೂರನ್ನೂ ಒಟ್ಟಿಗೆ ಕೇಳು.

ಕವಲುಗಳನ್ನು ಕಡಿಮೆ ಮಾಡು. ಎರಡೆರಡು ದಾರಿಯ ಹತ್ತು ಆಯ್ಕೆ ಬೇರೆಯಾಗಿಯೇ ಉಳಿದರೆ 1024 ದಾರಿಗಳಾಗುತ್ತವೆ. ಎರಡು ಮೂರು ದೃಶ್ಯಗಳ ನಂತರ ಮತ್ತೆ ಸೇರಿಸಿ, ವ್ಯತ್ಯಾಸವನ್ನು ಚರಾಂಶಗಳಲ್ಲಿ (ವೇರಿಯಬಲ್‌ಗಳಲ್ಲಿ) ಉಳಿಸಿಕೋ. ಒಂದು ಸ್ಪ್ರೆಡ್‌ಶೀಟಿನಲ್ಲಿ ಅಡ್ಡಕ್ಕೆ ದೃಶ್ಯಗಳು, ಉದ್ದಕ್ಕೆ ಪಾತ್ರಗಳು, ಪ್ರತಿ ಚೌಕದಲ್ಲಿ ಆ ಹೊತ್ತಿಗೆ ಯಾರಿಗೆ ಏನು ಗೊತ್ತು ಎಂದು ತುಂಬು. ನಿನ್ನ ನಾಲ್ಕನೇ ದೃಶ್ಯದಲ್ಲಿ ಅಜ್ಜಿ ಆರನೆಯದರಲ್ಲಿ ಸಿಗುವ ಚೀಟಿಯ ಮಾತೆತ್ತುತ್ತಾಳೆ, ಪಟ್ಟಿ ಇದ್ದಿದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತಿತ್ತು.

ವಿಷುಯಲ್ ನಾವೆಲ್ ಕಟ್ಟುವ ತಂತ್ರಾಂಶ ರೆನ್‌ಪೈಯಲ್ಲಿ ಮಾಡುವುದಾದರೆ 8.2 ಅಥವಾ ಅದಕ್ಕಿಂತ ಹೊಸ ಆವೃತ್ತಿ ಹಾಕಿಕೋ. ಹಳೆಯದರಲ್ಲಿ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ. ಅದರ ಜೊತೆ ಬರುವ ಅಕ್ಷರಶೈಲಿಯಲ್ಲಿ ಕನ್ನಡವೇ ಇಲ್ಲ, ಬರೀ ಚೌಕಗಳು ಕಾಣುತ್ತವೆ, ನೋಟೋ ಸಾನ್ಸ್ ಕನ್ನಡದಂಥದ್ದನ್ನು ಸೇರಿಸಬೇಕು. ಸಾಲುಗಳ ನಡುವೆ ಜಾಗ ಹೆಚ್ಚು ಬಿಡು, ಮಾತಿನ ಪೆಟ್ಟಿಗೆಯಲ್ಲಿ ಮೂರು ಸಾಲು ಮೀರಬೇಡ. ಬದಲಾಗುವ ಸಂಗತಿಗಳನ್ನು ‘ಡಿಫಾಲ್ಟ್’ನಿಂದಲೇ ಶುರುಮಾಡು. ‘ಡಿಫೈನ್’ ಬದಲಾಗದವುಗಳಿಗೆ, ಅದರಲ್ಲಿ ಇಟ್ಟದ್ದು ಸೇವ್ ಆಗುವುದಿಲ್ಲ. ಆಟ ಮರಳಿ ತೆರೆದಾಗ ಸಿಕ್ಕಿದ್ದ ಸಾಕ್ಷ್ಯ ಮಾಯವಾಗುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಮೌಸಿನ ಚಕ್ರ ತಿರುಗಿಸಿ ಹಿಂದೆ ಹೋಗಿ ಉತ್ತರ ಬದಲಿಸಲು ಬಿಡಬಾರದಾದಲ್ಲಿ ‘ಬ್ಲಾಕ್ ರೋಲ್‌ಬ್ಯಾಕ್’ ಹಾಕು, ಉಳಿದ ಕಡೆ ಬೇಡ, ಓದುಗರಿಗೆ ಕಿರಿಕಿರಿ. ಒಮ್ಮೆ ಬಿಡಿಸಿದ ಒಗಟನ್ನು ಎರಡನೇ ಸುತ್ತಿನಲ್ಲಿ ದಾಟಿಸುವ ಗುಂಡಿಯೂ ಇರಲಿ.

ಉತ್ತರವನ್ನು ಕನ್ನಡದಲ್ಲಿ ಟೈಪ್ ಮಾಡಿಸಬೇಡ. ‘ಸೂರ್ಯ’ವನ್ನು ಅರ್ಕಾವೊತ್ತು ಹಾಕಿಯೂ ಹಾಕದೆಯೂ ಬರೆಯಬಹುದು, ಕಂಪ್ಯೂಟರಿಗೆ ಅವೆರಡೂ ಬೇರೆ ಪದಗಳು, ಸರಿಯುತ್ತರವೂ ತಪ್ಪಾಗುತ್ತದೆ. ವರ್ಷವನ್ನು ನಾಲ್ಕು ಅಂಕಿಯ ಚಕ್ರ ತಿರುಗಿಸಿ ಹೇಳಿಸು.

ಆಡಿ ನೋಡಲು ಕೊಡುವಾಗ ಕೊಲ್ಲವರ್ಷ ಗೊತ್ತಿಲ್ಲದ ಬೆಂಗಳೂರಿನವರೊಬ್ಬರು, ಗೊತ್ತಿರುವ ಮಂಜೇಶ್ವರದವರೊಬ್ಬರು ಇರಲಿ. ಪಕ್ಕದಲ್ಲಿ ಕೂತು ನೋಡು, ಬಾಯಿ ಬಿಡಬೇಡ, ಅವರು ತಡೆದು ನಿಂತ ಸಾಲನ್ನು ಗುರುತು ಹಾಕಿಕೋ. ಮೊದಲನೆಯವರು ಕ್ಯಾಲೆಂಡರನ್ನು ಕ್ಲಿಕ್ಕೇ ಮಾಡದಿದ್ದರೆ ಅದನ್ನು ಚಿತ್ರದಲ್ಲಿ ದೊಡ್ಡದು ಮಾಡು, ಎರಡನೆಯವರು ನೋಡಿದ ಕೂಡಲೇ 1969 ಎಂದರೆ ರಶೀದಿಯನ್ನು ಒಂದು ಅಧ್ಯಾಯ ತಡವಾಗಿ ಕೊಡು. ರಶೀದಿಯ ಮಲಯಾಳವನ್ನು ಆ ಭಾಷೆ ಓದಬಲ್ಲ ಯಾರಿಂದಲಾದರೂ ತಿದ್ದಿಸಿಕೋ. ತಿದ್ದಿದ ಎರಡನೇ ಅಧ್ಯಾಯವನ್ನು ಆ ಸ್ಪ್ರೆಡ್‌ಶೀಟಿನ ಜೊತೆಗೇ ಕಳಿಸು.

ನಿನ್ನ ಅಣ್ಣ