ಟಿಕೆಟ್ ಇಲ್ಲದವರ ಲೆಕ್ಕ

ಪ್ರೀತಿಯ ತಂಗಿ,

ಚಂಡಮಾರುತಕ್ಕೆ ಸಿಕ್ಕಿ ಹಾಳಾದ, ರಾಮೇಶ್ವರದ ತುದಿಯ ಧನುಷ್ಕೋಡಿಯ ಬಗ್ಗೆ ನೀನು ಬರೆದ ಲೇಖನವನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಬಿದ್ದ ಚರ್ಚಿನ ಗೋಡೆಯಲ್ಲಿ ಹವಳದ ಕಲ್ಲು ಕಂಡೆ ಅಂತ ಬರೆದಿದ್ದೀಯಲ್ಲ, ಆ ಸಾಲು ತುಂಬಾ ಹಿಡಿಸಿತು. ಮುಟ್ಟಿ ನೋಡಿದವರಿಗಷ್ಟೇ ಹಾಗೆ ಬರೆಯಲು ಬರುತ್ತದೆ.

ಆದರೆ ‘ರೈಲಿನಲ್ಲಿದ್ದ 115 ಮಂದಿ ಸತ್ತರು’ ಅಂತ ಒಂದೇ ಉಸಿರಿಗೆ ಹೇಳಿ ಮುಂದೆ ಹೋಗಿಬಿಟ್ಟೆ. ಅಲ್ಲೇ ಸ್ವಲ್ಪ ನಿಲ್ಲಬೇಕಿತ್ತು. 1964ರ ಡಿಸೆಂಬರ್ 22ರ ರಾತ್ರಿ ಪಾಂಬನ್ನಿಂದ ಹೊರಟ 653ನೇ ನಂಬರಿನ ಪ್ಯಾಸೆಂಜರ್ ಅದು. ಧನುಷ್ಕೋಡಿ ಇನ್ನೇನು ಬಂತು ಅನ್ನುವಾಗ ಚಂಡಮಾರುತದ ಅಲೆ ಎದ್ದು ಬೋಗಿಗಳನ್ನು ಎಳೆದುಕೊಂಡಿತು. 115 ಅನ್ನುವುದು ಟಿಕೆಟ್ ಪಡೆದವರದು ಮತ್ತು ರೈಲ್ವೆ ಸಿಬ್ಬಂದಿಯದು ಸೇರಿದ ಲೆಕ್ಕ. ಟಿಕೆಟ್ ಇಲ್ಲದೆ ಹತ್ತಿದವರನ್ನೂ ಸೇರಿಸಿದರೆ 200ರವರೆಗೂ ಆಗಬಹುದು ಅನ್ನುವವರಿದ್ದಾರೆ. ಯಾವುದೇ ಅಂಕಿ ಕೈಗೆ ಸಿಕ್ಕರೂ, ಎಣಿಸಿದವರು ಯಾರು, ಏನನ್ನು ಎಣಿಸಿದರು ಅಂತ ಮೊದಲು ಕೇಳು.

ಇಡೀ ಚಂಡಮಾರುತಕ್ಕೆ ಸತ್ತವರು ಸುಮಾರು 1,800 ಅಂತಾರೆ. ಆದರೂ ಎಲ್ಲರ ನೆನಪಿನಲ್ಲಿ ಉಳಿದದ್ದು ರೈಲು. ಅದಕ್ಕೊಂದು ನಂಬರಿತ್ತು, ಹೊರಡುವ ವೇಳೆ ಇತ್ತು, ದಾಖಲೆ ಇತ್ತು. ಮರಳ ಮೇಲಿನ ಗುಡಿಸಲಿಗೆ ಅದ್ಯಾವುದೂ ಇರಲಿಲ್ಲ, ಅಲ್ವಾ?

ಪಾಂಬನ್ ಸೇತುವೆಯ ಕಥೆಯೂ ಹಾಗೇ ಉಳಿದುಕೊಂಡಿದೆ. ದ್ವೀಪಕ್ಕೆ ರೈಲು ದಾಟುತ್ತಿದ್ದ ಆ ಸೇತುವೆಯೂ ಅದೇ ಗಾಳಿಗೆ ಮುರಿದಿತ್ತು; ದುರಸ್ತಿ ಆರು ತಿಂಗಳ ಕೆಲಸ ಅಂದದ್ದನ್ನು ಎಂಜಿನಿಯರ್ ಇ. ಶ್ರೀಧರನ್ 46 ದಿನದಲ್ಲಿ ಮುಗಿಸಿದರು. ನಮ್ಮ ಕಾರವಾರ, ಕುಮಟಾ ಹಾದು ಬರುವ ಕೊಂಕಣ ರೈಲನ್ನು ಮುಂದೆ ನಿಂತು ಮಾಡಿಸಿದವರೂ ಅವರೇ. ದೊಡ್ಡ ಕೆಲಸ, ಬರೆಯಲೇಬೇಕು. ಅದರ ಪಕ್ಕದಲ್ಲೇ ಇನ್ನೊಂದನ್ನೂ ಬರೆ: ಪಾಂಬನ್ನಿಂದ ಧನುಷ್ಕೋಡಿಗೆ ಮತ್ತೆ ಹಳಿ ಹಾಕಲೇ ಇಲ್ಲ. ಊರು ವಾಸಕ್ಕೆ ಯೋಗ್ಯವಲ್ಲ ಅಂತ ಸರ್ಕಾರ ಹೇಳಿಬಿಟ್ಟಿತು. ಮತ್ತೆ ಆ ಗಾಳಿ ಅಲ್ಲಿಗೆ ಬಂದದ್ದು ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಉತ್ತರ ಭಾಗವನ್ನು ಹಾದು. ಆ ದಡದ ಜನ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ.

ನಾನು ಹೋದಾಗ ಕಂಡದ್ದೊಂದು ಹೇಳುತ್ತೇನೆ. ಅಲ್ಲೇ ಉಳಿದ ಮೀನುಗಾರರ ಮನೆಯವರು ಸಮುದ್ರದ ಕೂಗಳತೆಯಲ್ಲೇ ಮರಳು ತೋಡಿ ಸಿಹಿನೀರು ತೆಗೆಯುತ್ತಾರೆ. ಒಬ್ಬರು ಅಜ್ಜಿ ಗುಂಡಿಯ ಪಕ್ಕ ಕೂತು ಚಿಕ್ಕ ಪಾತ್ರೆಯಲ್ಲಿ ಮೊಗೆದು ಮೊಗೆದು ಕೊಡಕ್ಕೆ ಹಾಕುತ್ತಿದ್ದರು. ಅವಸರ ಮಾಡಿದರೆ ಮರಳೆದ್ದು ನೀರು ಕದಡುತ್ತದೆ. ನಾನೂ ಸುಮ್ನೆ ಕೂತೆ. ಕೊಡ ಅರ್ಧ ತುಂಬಿದ ಮೇಲೆ ಅವರೇ ಮಾತು ತೆಗೆದರು. ರೈಲಿನ ಸುದ್ದಿ ಎತ್ತಲೇ ಇಲ್ಲ. ಆ ರಾತ್ರಿ ಯಾರ ಮನೆಯಲ್ಲಿ ಎಷ್ಟು ಮಂದಿ ಮಲಗಿದ್ದರು ಅಂತ ಒಂದೊಂದೇ ಬೆರಳು ಮಡಚುತ್ತಾ ಎಣಿಸಿದರು. ನಡುವೆ ತಪ್ಪಿತು ಅಂತ ಮತ್ತೆ ಮೊದಲಿನಿಂದ ಶುರುಮಾಡಿದರು.

ನನಗೆ ತಮಿಳು ಅಷ್ಟಕ್ಕಷ್ಟೇ, ಅರ್ಧ ಹೆಸರುಗಳು ತಪ್ಪಿಹೋದವು. ಆ ಕೊರಗು ಇನ್ನೂ ಇದೆ. ನೀನು ಮತ್ತೆ ಹೋಗುವಾಗ ತಮಿಳು ಚೆನ್ನಾಗಿ ಬಲ್ಲ ಗೆಳತಿಯನ್ನು ಕರೆದುಕೊಂಡು ಹೋಗು. ಬೆಳಿಗ್ಗೆ ಬೇಗ ಹೋಗು, ಆಮೇಲೆ ಪ್ರವಾಸಿಗರ ಗಲಾಟೆ ಜಾಸ್ತಿ. ಅವರು ಎಣಿಸಿದ್ದನ್ನು ಎಣಿಸಿದ ಹಾಗೇ ಬರೆದುಕೋ, ತಪ್ಪಿ ಮತ್ತೆ ಶುರುಮಾಡಿದ್ದನ್ನೂ ಸೇರಿಸಿ. ತಿದ್ದಬೇಡ, ಮೊದಲು ನನಗೆ ಕಳಿಸು.

ನಿನ್ನ ಅಕ್ಕ