ಖಾಲಿ ಪಿಕಪ್ ಮುಂದೆ ತಗ್ಗಿದ್ದರೆ ಅದು ದೋಷವಲ್ಲ

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ ಇರುತ್ತದೆ. ಆಗ ಮೀನಿನ ಪಿಕಪ್‌ಗಳಿಗೂ ಬಿಡುವು. ಬೈತಖೋಲ್, ತದಡಿ ಬಂದರುಗಳ ಕಡೆ ಓಡುವ ಗಾಡಿಗಳ ರಿಪೇರಿ ಬಹಳಷ್ಟು ನಡೆಯುವುದು ಈ ಎರಡು ತಿಂಗಳಲ್ಲೇ. ಕುಮಟಾದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನನಗೆ ಇತ್ತೀಚೆಗೆ ಒಂದು ಹೊಸ ಬೇಡಿಕೆ ಬರುತ್ತಿದೆ. "ಮೇಸ್ತ್ರಿ, ಮುಂದೆ ಸ್ವಲ್ಪ ಎತ್ತಿ ಕೊಡಿ. ಹಿಂದೆ ಮುಂದೆ ಒಂದೇ ಲೆವೆಲ್ ಕಾಣ್ಬೇಕು" ಅಂತ. ಮೊಬೈಲಿನಲ್ಲಿ ಯಾವುದೋ ವಿಡಿಯೋ ತೋರಿಸುತ್ತಾರೆ. ಒಂದು ಬೋಲ್ಟ್ ತಿರುಗಿಸಿದರೆ ಆಯ್ತಲ್ಲ, ಅದಕ್ಕೆ ಇಷ್ಟು ಯೋಚನೆ ಯಾಕೆ ಎಂದು ಕೇಳುತ್ತಾರೆ.

ಬೋಲ್ಟ್ ತಿರುಗಿಸಿದರೆ ಏರುತ್ತದೆ, ನಿಜ. ಆದರೆ ಖಾಲಿ ಪಿಕಪ್ ಹಿಂದೆ ಎತ್ತರ, ಮುಂದೆ ತಗ್ಗು ಇರುವುದು ಕಂಪನಿಯವರು ಬೇಕೆಂದೇ ಮಾಡಿದ್ದು. ಹಿಂದಿನ ಲೀಫ್ ಸ್ಪ್ರಿಂಗ್ ಇರುವುದೇ ಭಾರ ಹೊರಲಿಕ್ಕೆ. ಐಸ್ ಹಾಕಿದ ಮೀನಿನ ಬಾಕ್ಸ್ ತುಂಬಿ, ಇಲ್ಲವೇ ಸಿಮೆಂಟ್ ಚೀಲ ಹೇರಿ ನೋಡಿ. ಹಿಂಭಾಗ ಕುಗ್ಗಿ ಗಾಡಿ ತಾನಾಗಿಯೇ ಸಮ ಆಗುತ್ತದೆ. ಖಾಲಿ ಇದ್ದಾಗಲೇ ಸಮ ಮಾಡಿಸಿಕೊಂಡ ಗಾಡಿಗೆ ಅದೇ ಲೋಡ್ ಹೇರಿದರೆ ಮೂತಿ ಆಕಾಶ ನೋಡುತ್ತದೆ. ಪಿಕಪ್ ಕೊಂಡಿದ್ದು ಭಾರ ಹೊರಲಿಕ್ಕೋ, ಅಂಗಡಿ ಮುಂದೆ ನಿಲ್ಲಿಸಿ ಫೋಟೋ ತೆಗೆಯಲಿಕ್ಕೋ?

ಮೂತಿ ಎದ್ದರೆ ದೀಪವೂ ಏಳುತ್ತದೆ. ಲೆಕ್ಕ ಸುಲಭ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು 3 ಮೀಟರ್ ಅಂತರ. ಮುಂಭಾಗವನ್ನು 5 ಸೆಂ.ಮೀ. ಎತ್ತಿದರೆ, 30 ಮೀಟರ್ ದೂರದಲ್ಲಿ ಬೆಳಕು ಅರ್ಧ ಮೀಟರಿಗಿಂತ ಜಾಸ್ತಿ ಮೇಲೆ ಹೋಗುತ್ತದೆ. ಡಿಪ್ ದೀಪವನ್ನು (ಎದುರು ಗಾಡಿ ಬಂದಾಗ ತಗ್ಗಿಸುವ ಬೆಳಕು) ಸಾಮಾನ್ಯವಾಗಿ 10 ಮೀಟರಿಗೆ ಸುಮಾರು 10 ಸೆಂ.ಮೀ. ಕೆಳಗೆ ಬೀಳುವಂತೆ ಕೂರಿಸಿರುತ್ತಾರೆ. ಆ ಇಳಿಜಾರು ಪೂರ್ತಿ ಅಳಿಸಿಹೋಗಿ ಬೆಳಕು ಮೇಲ್ಮುಖ ಆಗುತ್ತದೆ. ಇದು ಖಾಲಿ ಗಾಡಿಯ ಲೆಕ್ಕ. ಲೋಡ್ ಬಿದ್ದ ಮೇಲೆ ಇನ್ನೂ ಮೇಲೆ. ಎದುರಿಗೆ ಬರುವವರ ಕಣ್ಣಿಗೆ ದೀಪ ಕೋರೈಸಬಾರದು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಹೆದ್ದಾರಿ 66ರಲ್ಲಿ ನಡುವೆ ಡಿವೈಡರ್ ಇರುವಲ್ಲಿ ಹೇಗೋ ನಡೆದೀತು. ದೇವಿಮನೆ ಘಟ್ಟದ ತಿರುವಿನಲ್ಲಿ, ಮಳೆ ಹೊಯ್ಯುವಾಗ, ಶಿರಸಿಯಿಂದ ಬೈಕಿನಲ್ಲಿ ಇಳಿದು ಬರುವವನಿಗೆ ರಸ್ತೆ ಅಂಚೇ ಕಾಣದಂತಾಗುತ್ತದೆ. ಏರು ರಸ್ತೆಯಲ್ಲಿ ಭಾರ ಮೊದಲೇ ಹಿಂದಕ್ಕೆ ಜಾರಿರುತ್ತದೆ. ಹಿಂದೆ ಕುಗ್ಗಿ ಕೂತ ಗಾಡಿಯ ಸ್ಟೇರಿಂಗ್ ಇನ್ನೂ ಹಗುರಾಗಿ, ಹಿಡಿತವೇ ಸಿಗುವುದಿಲ್ಲ.

ಹಾಗಂತ ಆ ಬೋಲ್ಟ್ ಮುಟ್ಟಲೇಬಾರದು ಎಂದು ನಾನು ಹೇಳುವುದಿಲ್ಲ. ಟಾರ್ಷನ್ ಬಾರ್ ಇರುವ ಗಾಡಿಗಳಲ್ಲಿ ಹೊಂದಿಸಲಿಕ್ಕೆಂದೇ ಅದನ್ನು ಇಟ್ಟಿದ್ದಾರೆ. ಉದ್ದನೆಯ ಕಬ್ಬಿಣದ ಸರಳು, ಒಂದು ತುದಿ ಚಕ್ರದ ಆರ್ಮ್‌ಗೆ, ಇನ್ನೊಂದು ತುದಿ ಈ ಬೋಲ್ಟಿನ ಮೂಲಕ ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ. ಅದು ತಿರುಚಿಕೊಂಡೇ ಗಾಡಿಯ ಭಾರ ತಡೆಯುತ್ತದೆ. ವರ್ಷ ಕಳೆದಂತೆ ಮುಂಭಾಗ ಕುಸಿಯುವುದುಂಟು. ಡ್ರೈವರ್ ಒಬ್ಬನೇ ಕೂತು ಓಡಿಸುವ ಗಾಡಿಯಲ್ಲಿ ಬಲಗಡೆ ಸ್ವಲ್ಪ ಜಾಸ್ತಿಯೇ. ಅದನ್ನು ಗಾಡಿಯ ಪುಸ್ತಕದಲ್ಲಿರುವ ಅಳತೆಗೆ ವಾಪಸ್ ತರುವುದು ಸರಿಯಾದ ಕೆಲಸ. ಅಳತೆಯನ್ನು ಸಮತಟ್ಟಾದ ನೆಲದಲ್ಲಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಹಿಡಿಯಬೇಕು. ನೆಲದಿಂದ ಹಿಡಿದರೆ ಟಯರಿನ ಗಾಳಿ ಹೆಚ್ಚುಕಮ್ಮಿ ಇದ್ದಾಗ ಲೆಕ್ಕ ತಪ್ಪುತ್ತದೆ. ಚಾಸಿಗೆ ಜಾಕ್ ಕೊಟ್ಟು ಚಕ್ರ ಜೋತುಬಿಟ್ಟ ಮೇಲೆಯೇ ಬೋಲ್ಟ್ ತಿರುಗಿಸಬೇಕು. ಭಾರ ಇರುವಾಗ ತಿರುಗಿಸಿದರೆ ಬೋಲ್ಟಿನ ಮರೆ (ಥ್ರೆಡ್) ಸವೆದು ಹೋಗುತ್ತದೆ. ನಮ್ಮ ಕಡೆಯ ಉಪ್ಪು ಗಾಳಿಗೆ, ಮೀನಿನ ನೀರಿಗೆ ಅದು ಮೊದಲೇ ತುಕ್ಕು ಹಿಡಿದಿರುತ್ತದೆ. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡುವುದು ಲೇಸು. ಗಾಡಿಯಡಿ ನುಗ್ಗುವ ಮೊದಲು ಸ್ಟ್ಯಾಂಡ್ ಕೊಡಿ, ಜಾಕ್ ಒಂದನ್ನೇ ನಂಬಬೇಡಿ. ಬೋಲ್ಟನ್ನು ಪೂರ್ತಿ ಬಿಚ್ಚುವ ಕೆಲಸಕ್ಕಂತೂ ಮನೆಯಲ್ಲಿ ಕೈಹಾಕಲೇಬೇಡಿ. ಸರಳಿನಲ್ಲಿ ಸೇರಿಕೊಂಡ ಬಲ ಒಮ್ಮೆಲೇ ಬಿಟ್ಟರೆ ಕೈ ಹೋಗುತ್ತದೆ.

ಎತ್ತಿಸಿಕೊಂಡವರಲ್ಲಿ ಕೆಲವರು "ಗಾಡಿ ಗಟ್ಟಿ ಆಯ್ತು" ಎಂದು ಖುಷಿಪಡುತ್ತಾರೆ. ಸರಳು ಅದೇ ಸರಳು, ಅದರ ಬಲವೇನೂ ಬದಲಾಗಿರುವುದಿಲ್ಲ. ಚಕ್ರ ಕೆಳಗೆ ಇಳಿಯಲು ಇದ್ದ ಜಾಗ ಕಡಿಮೆಯಾಗಿರುತ್ತದೆ, ಅಷ್ಟೇ. ಅದಕ್ಕೇ ಪ್ರತಿ ಹಂಪ್ ದಾಟಿದ ಮೇಲೆ ಆರ್ಮ್ ತನ್ನನ್ನು ತಡೆಯುವ ರಬ್ಬರಿಗೆ ಬಡಿದು ಟಕ್ ಎನ್ನುವುದು. ಕಾಯಿಲ್ ಸ್ಪ್ರಿಂಗ್ ಗಾಡಿಗೆ ಎತ್ತರಿಸುವ ಸ್ಪೇಸರ್ ಬಿಲ್ಲೆ ಹಾಕಿಸಿದರೂ ಹೆಚ್ಚುಕಮ್ಮಿ ಇದೇ ಕಥೆ. ಆರ್ಮ್ ಮತ್ತು ಚಕ್ರ ಕೂಡುವ ಬಾಲ್ ಜಾಯಿಂಟ್ ಓರೆಯಾಗಿ ಬೇಗ ಸವೆಯುತ್ತದೆ. ಚಕ್ರ ನಿಲ್ಲುವ ಓರೆ, ದಿಕ್ಕು (ಕ್ಯಾಂಬರ್, ಟೋ) ಎಲ್ಲ ಬದಲಾಗಿ, ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟಯರ್ ಒಂದೇ ಅಂಚಿನಲ್ಲಿ ತಿನ್ನುತ್ತದೆ. ಬೋಲ್ಟ್ ತಿರುಗಿಸಿದ್ದಕ್ಕೆ ನಾಲ್ಕು ಕಾಸು ಕೊಟ್ಟು, ಆಮೇಲೆ ಟಯರಿಗೆ ಸಾವಿರಗಟ್ಟಲೆ ಸುರಿಯುವುದು ಯಾವ ಲೆಕ್ಕ? ಅಲೈನ್‌ಮೆಂಟ್ ಮುಗಿದ ಮೇಲೆ ದೀಪದ ಸ್ಕ್ರೂ ತಿರುಗಿಸಿ ಬೆಳಕು ಕೆಳಗಿಳಿಸದೆ ಗಾಡಿ ಬಿಡಬಾರದು. ನಾನಂತೂ ಬಿಡುವುದಿಲ್ಲ. ಅದಕ್ಕೇ ಒಂದಿಬ್ಬರು ಗಿರಾಕಿಗಳು ಬೇರೆ ಗ್ಯಾರೇಜ್ ಹುಡುಕಿಕೊಂಡು ಹೋದರು, ಹೋಗಲಿ.

ಅನೇಕ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ಬರೆದ ಪುಟ್ಟ ತಿರುಗುಣಿ ಇರುತ್ತದೆ. ಲೋಡ್ ಇದ್ದಾಗ ದೀಪ ತಗ್ಗಿಸಲಿಕ್ಕೆ ಕೊಟ್ಟದ್ದು ಅದು. ಬಹಳ ಡ್ರೈವರುಗಳು ಅದನ್ನು ಮುಟ್ಟಿಯೇ ಇರುವುದಿಲ್ಲ. ಇವತ್ತೇ ತಿರುಗಿಸಿ ನೋಡಿ, ದುಡ್ಡು ಬೇಕಾಗಿಲ್ಲ.

ಸಾರಿಗೆ ಇಲಾಖೆಯವರಲ್ಲಿ ಒಂದು ವಿನಂತಿ. ಮಳೆ ಇಳಿದ ಮೇಲೆ ಕಾರವಾರದಿಂದ ಭಟ್ಕಳದವರೆಗೆ ಅಲ್ಲಲ್ಲಿ ರಾತ್ರಿ ಹೊತ್ತು, ಲೋಡ್ ಇರುವ ಪಿಕಪ್‌ಗಳನ್ನು ನಿಲ್ಲಿಸಿ ದೀಪ ಪರೀಕ್ಷೆ ಮಾಡಿ. ಮೊದಲ ಸಲ ದಂಡ ಬೇಡ, ಅಲ್ಲೇ ಸರಿ ಮಾಡಿಸಿ ಕಳಿಸಿ. ಕುಮಟಾ ಹತ್ತಿರ ಮಾಡುವುದಾದರೆ ಸ್ಕ್ರೂಡ್ರೈವರ್ ಹಿಡಿದುಕೊಂಡು ನಾನೇ ಬರುತ್ತೇನೆ, ಮಜೂರಿ ಬೇಡ.

— ಒಬ್ಬ ಗ್ಯಾರೇಜ್ ಮೇಸ್ತ್ರಿ, ಕುಮಟಾ